ಮೀನು ತೂಗಿ ಇನಾಮು ಕೊಡಬೇಡಿ!

ಮಳವಳ್ಳಿ ಪೇಟೆಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದವರು ಬಿಲ್ಲಿನ ಜೊತೆ 5 ರೂಪಾಯಿಯೋ 10 ರೂಪಾಯಿಯೋ ತಟ್ಟೆಯಲ್ಲಿ ಬಿಟ್ಟು ಏಳುತ್ತಾರೆ. ಹಬ್ಬದ ಹಿಂದಿನ ದಿನ ಕ್ಷೌರದಂಗಡಿಯಲ್ಲಿ ರೇಟಿನ ಮೇಲೆ ಏನಾದರೂ ಕೊಡುವುದುಂಟು. ಲಾರಿಯಿಂದ ಮೂಟೆ ಇಳಿಸಿದ ಹಮಾಲಿಗೆ ಅಂಗಡಿ ಯಜಮಾನರು ಕೂಲಿ ಬೇರೆ, ಟೀ ಕಾಸು ಬೇರೆ ಎಂದು ಕೊಡುತ್ತಾರೆ. ಇದನ್ನೆಲ್ಲ ಯಾರೂ ಶಾಲೆಯಲ್ಲಿ ಕಲಿತದ್ದಲ್ಲ. ಕಂಡು ಕಲಿತದ್ದು. ಯಾರಿಗೆ ಎಷ್ಟು, ಯಾವಾಗ, ಹೇಗೆ ಎಂಬುದು ಪೇಟೆಗೆ ಗೊತ್ತು.

ಆದರೆ ಅದೇ ಪೇಟೆಯ ಮಂದಿ ಹೊಳೆ ದಡಕ್ಕೆ ಹೋದರೆ ಕೈ ತಡವರಿಸುತ್ತದೆ. ಹರಿಗೋಲು ಹಾಕಿದವನಿಗೆ ಏನು ಕೊಡಬೇಕು? ದಿನವಿಡೀ ಬಿಸಿಲಲ್ಲಿ ಜೊತೆಗಿದ್ದು ನೀರಿನ ಗುಟ್ಟು ಹೇಳಿಕೊಟ್ಟವನಿಗೆ ಎಷ್ಟು? ಕೊಟ್ಟರೆ ತಪ್ಪೇ, ಕೊಡದಿದ್ದರೆ ತಪ್ಪೇ? ಹಲಗೂರಿನಲ್ಲಿ ಭಾನುವಾರ ಸಂಜೆ ಬಸ್ಸು ಹತ್ತುವವರ ಬಾಯಲ್ಲಿ ಕೇಳಿಬರುವ ಮಾತು ಎರಡೇ. ಒಂದು, "ಅವ್ನಿಗ್ಯಾಕ್ ಕೊಡ್ಬೇಕು, ಟಿಕೆಟ್ ದುಡ್ಡು ಕಟ್ಟಿಲ್ವಾ?" ಇನ್ನೊಂದು, "ಬಿಡಿ ಸ್ವಾಮಿ, 500 ಬಿಸಾಕಿದ್ರೆ ಏನ್ ಬೇಕಾದ್ರೂ ಮಾಡ್ತಾರೆ." ಎರಡೂ ತಪ್ಪು. ಎರಡನೆಯದಂತೂ ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಏಕೆಂದರೆ ಮೊದಲನೆಯದರಲ್ಲಿ ಒಬ್ಬನ ಟೀ ಕಾಸು ಹೋಗುತ್ತದೆ. ಎರಡನೆಯದರಲ್ಲಿ ಒಬ್ಬನ ಅನ್ನವೇ ಹೋಗಬಹುದು.

ಗಿಲ್ಲಿ ಅಂದರೆ ಯಾರು?

ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಕಡೆಯ ಹಳಬರನ್ನು ಕೇಳಿದರೆ 'ಗಿಲ್ಲಿ' ಎಂಬ ಮಾತು ಹೇಳುತ್ತಾರೆ. ಇದು ಚಿನ್ನಿದಾಂಡಿನ ಗಿಲ್ಲಿಯಲ್ಲ. ಗಾಳ ಹಾಕುವ ಸಾಹೇಬರ ಜೊತೆಗಿರುವ ಸಹಾಯಕನಿಗೆ ಸ್ಕಾಟ್‌ಲೆಂಡಿನವರು ಇಟ್ಟ ಹೆಸರು. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಆ ಮಾತಿಗೆ ಹುಡುಗ, ಆಳು ಎಂದೇ ಅರ್ಥ. ಬ್ರಿಟಿಷರ ಜೊತೆ ಹಡಗು ಹತ್ತಿ ಬಂದ ಆ ಮಾತು ಕಾವೇರಿ ದಡದಲ್ಲಿ ಉಳಿದುಕೊಂಡಿತು.

ಕಾವೇರಿಯ ಮಹಶೀರ್ ಮೀನಿನ ಹೆಸರು ಪರದೇಶಕ್ಕೆ ಮುಟ್ಟಿದ್ದು ಇವತ್ತು ನಿನ್ನೆಯಲ್ಲ. 1873ರಲ್ಲೇ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ ಹಿಂದೂಸ್ಥಾನದ ಗಾಳದ ಬೇಟೆಯ ಮೇಲೆ ದೊಡ್ಡ ಪುಸ್ತಕ ಬರೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ಮೀನು ಎಳೆದರು. ಅಂದರೆ ಸುಮಾರು 54 ಕಿಲೋ. ಒಂದು ಅಕ್ಕಿ ಮೂಟೆಯ ತೂಕ! ಸ್ವಾತಂತ್ರ್ಯ ಬಂದ ಮೇಲೆ ಆ ಮೀನು ಮುಗಿದೇಹೋಯಿತು ಎಂದು ಹೊರಗಿನವರು ಅಂದುಕೊಂಡಿದ್ದರು. 1977-78ರ ಸುಮಾರಿಗೆ ಮೂವರು ಇಂಗ್ಲಿಷ್ ಗಾಳಗಾರರು ಬಂದು ಕಾವೇರಿಯಲ್ಲಿ ಇನ್ನೂ ದೈತ್ಯ ಮೀನುಗಳಿವೆ ಎಂದು ಲೋಕಕ್ಕೆ ಸಾರಿದರು. ಆಮೇಲೆ ಶಿಬಿರಗಳು ಬಂದವು. 1980ರಲ್ಲಿ ಹುಟ್ಟಿದ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿಯಲ್ಲಿ ಶಿಬಿರ ನಡೆಸಿತು. ದಕ್ಷಿಣ ಭಾರತ ವನ್ಯಜೀವಿ ಸಂಘದವರು ಹೊಳೆಯ ಒಂದಷ್ಟು ಉದ್ದವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿದರು.

ಈ ಶಿಬಿರಗಳಿಗೆ ಗಿಲ್ಲಿಗಳಾಗಿ ಬಂದವರು ಯಾರು? ದಡದ ಊರಿನ ಬೆಸ್ತರು, ಹರಿಗೋಲಿನವರು. ಅವರಲ್ಲಿ ಕೆಲವರು ಹಿಂದೆ ತೋಟೆ ಸಿಡಿಸಿ ಮೀನು ಹಿಡಿದವರೇ. ಒಂದು ತೋಟೆ ಸಿಡಿದರೆ ಆ ಮಡುವಿನ ಮರಿ, ಮುದಿ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಹಾಗೆ ಹಿಡಿದರೆ ಸಂತೆಯಲ್ಲಿ ಒಂದು ದಿನದ ದುಡ್ಡು. ಬದುಕಿರುವ ಮೀನಿಗೆ ಸಾಹೇಬ ವರ್ಷ ವರ್ಷವೂ ಬರುತ್ತಾನೆ, ಸಂಬಳ ಬರುತ್ತದೆ, ಮೇಲೆ ಇನಾಮೂ ಬರುತ್ತದೆ ಎಂದು ತಿಳಿದಾಗ ಅದೇ ಕೈಗಳು ಹೊಳೆ ಕಾಯಲು ನಿಂತವು. ಉಪದೇಶದಿಂದ ಆದ ಕೆಲಸವಲ್ಲ ಇದು, ಲೆಕ್ಕದಿಂದ ಆದದ್ದು. ಅಂಗಡಿ ನಡೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸವೇನು ಕಮ್ಮಿಯೇ?

ಗಿಲ್ಲಿಯ ಕೆಲಸ ಹೊತ್ತು ಹುಟ್ಟುವ ಮೊದಲೇ ಶುರು. ರಾಗಿ ಹಿಟ್ಟು ನಾದಿ ಉಂಡೆ ಕಟ್ಟಿ ಬೇಯಿಸಬೇಕು. ಮುದ್ದೆ ಉಣ್ಣುವ ನಾಡಿನಲ್ಲಿ ಮೀನಿಗೂ ಮುದ್ದೆಯೇ! ಉಂಡೆ ಮೆತ್ತಗಾದರೆ ಸೆಳವಿನಲ್ಲಿ ಕರಗುತ್ತದೆ, ಗಟ್ಟಿಯಾದರೆ ಮೀನು ಮೂಸುವುದಿಲ್ಲ. ಆ ಹದ ಗೊತ್ತಿರಬೇಕು. ಯಾವ ಬಂಡೆಯ ಕೆಳಗೆ ಮಡುವಿದೆ, ಎಲ್ಲಿ ಸುಳಿ ಇದೆ, ಮೊಸಳೆ ಯಾವ ಮರಳ ದಿಬ್ಬದ ಮೇಲೆ ಮಲಗುತ್ತದೆ, ಆನೆ ಯಾವ ಹೊತ್ತಿಗೆ ನೀರಿಗಿಳಿಯುತ್ತದೆ, ಎಲ್ಲವೂ ತಲೆಯಲ್ಲಿರಬೇಕು. ಮೀನು ಕಚ್ಚಿ ಬಂಡೆ ಸಂದಿಗೆ ದಾರ ಎಳೆದರೆ ಹರಿಗೋಲು ತಿರುಗಿಸಿ ಹಿಂದೆ ಓಡಬೇಕು. ಕೊನೆಗೆ ಮೀನು ಸುಸ್ತಾಗಿ ದಡಕ್ಕೆ ಬಂದರೆ ಅದನ್ನು ನೀರಲ್ಲೇ ಹಿಡಿದು, ಗಾಳ ಬಿಡಿಸಿ, ತೂಕ ನೋಡಿ, ಸೆಳವಿಗೆ ಮುಖಮಾಡಿ ಎರಡೂ ಕೈಯಲ್ಲಿ ಆತುಕೊಂಡು ನಿಲ್ಲಬೇಕು. ಅದರ ಕಿವಿರು ಆಡಿ, ಉಸಿರು ಬಂದು, ಬಾಲ ಬೀಸಿ ತಾನಾಗಿ ಹೋಗುವ ತನಕ ಸೊಂಟದ ಮಟ್ಟದ ನೀರಲ್ಲಿ ನಿಂತಿರಬೇಕು.

ಅಷ್ಟು ಹೊತ್ತೂ ದಡದ ಮೇಲಿನವರು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ!

ಈಗ ಇನಾಮಿನ ಮಾತು. ಹಲವು ದೇಶಗಳ ಗಾಳಗಾರರಲ್ಲಿ ಈ ರೂಢಿ ಇದೆ. ಅಮೆರಿಕದಲ್ಲಿ ಗೈಡಿನ ದಿನದ ದರಕ್ಕೆ ಶೇಕಡಾ 15ರಿಂದ 20ರಷ್ಟು ಸೇರಿಸಿ ಕೊಡುವುದು ವಾಡಿಕೆ. ಸ್ಕಾಟ್‌ಲೆಂಡಿನಲ್ಲಿ ವಾರ ಮುಗಿದು ಹೊರಡುವಾಗ ಗಿಲ್ಲಿಯ ಕೈ ಕುಲುಕಿ ಕೊಡುತ್ತಾರೆ. ಮೀನು ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಕೊಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಅಲ್ಲಿನ ಬಲ್ಲವರು ಹೇಳುತ್ತಾರೆ. ಮೀನು ಕಚ್ಚುವುದು ಗಿಲ್ಲಿಯ ಕೈಯಲ್ಲಿಲ್ಲ. ಶ್ರಮ ಮಾತ್ರ ಅವನ ಕೈಯಲ್ಲಿದೆ.

ನಮ್ಮ ಕಡೆಯ ಕೆಲವು ಮಹಾಶಯರಿಗೆ ಇದು ಹತ್ತುವುದಿಲ್ಲ. "ದೊಡ್ಡದ್ ಸಿಕ್ಕಿದ್ರೆ 1,000 ಕೊಡ್ತೀನಿ ಕಣಯ್ಯ. ಸಿಗ್ಲಿಲ್ಲ ಅಂದ್ರೆ ನಿಂಗೇನೂ ಇಲ್ಲ!" ಪೈಪೋಟಿ ಕಟ್ಟಿದ ಹಾಗೆ, ಕುದುರೆ ಜೂಜಿನ ಹಾಗೆ. ಕೇಳುವುದಕ್ಕೆ ಉದಾರವಾಗಿದೆ. ಅದರ ಪರಿಣಾಮ ಏನೆಂದು ಯೋಚಿಸಿದ್ದುಂಟೇ?

ಮೀನಿನ ತೂಕಕ್ಕೆ ದುಡ್ಡು ಕಟ್ಟಿದರೆ ಗೈಡು ಏನು ಮಾಡುತ್ತಾನೆ? ಹೋಗಬಾರದ ಮಡುವಿಗೆ ಹೋಗುತ್ತಾನೆ. ಬೆಳಕು ಮುಗಿದರೂ ಹರಿಗೋಲು ತಿರುಗಿಸುವುದಿಲ್ಲ. ಸೆಳವು ಜೋರಾದರೂ "ಆಗಲಿ ಸಾರ್" ಎನ್ನುತ್ತಾನೆ. ಸಿಕ್ಕ ಮೀನನ್ನು ಸಾಹೇಬರ ಫೋಟೋಗಾಗಿ ನೀರಿನಿಂದ ಮೇಲೆತ್ತಿ ಹಿಡಿದೇ ಇರುತ್ತಾನೆ. ನೀರಿನಿಂದ ಹೊರಗೆ ಮೀನಿಗೆ ಉಸಿರಿಲ್ಲ. ಹೋರಾಡಿ ಸುಸ್ತಾದ ಮೀನನ್ನು ಹೆಚ್ಚು ಹೊತ್ತು ಮೇಲೆ ಹಿಡಿದರೆ ಬಿಟ್ಟ ಮೇಲೂ ಅದು ಬದುಕುವುದು ಅನುಮಾನ. ಹೀಗೆ 1,000 ರೂಪಾಯಿ ಆಸೆ ಹಚ್ಚಿದವರು ಒಂದೇ ಏಟಿಗೆ ಗೈಡಿನ ಜೀವ, ತಮ್ಮ ಜೀವ, ಮೀನಿನ ಜೀವ ಮೂರನ್ನೂ ಪಣಕ್ಕಿಟ್ಟ ಹಾಗಾಯಿತು.

ತೂಕ ನೋಡುವುದೇ ಬೇಡವೇ? ಬೇಕು. ಅದು ಪುಸ್ತಕಕ್ಕೆ, ಇನಾಮಿಗಲ್ಲ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಸಿಕ್ಕ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ವಿಜ್ಞಾನಿಗಳು ಆ ಪುಸ್ತಕ ತೆರೆದು ನೋಡಿದಾಗಲೇ ಒಂದು ಸತ್ಯ ಹೊರಬಿತ್ತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಾಗುತ್ತಿದೆ, ಕಾವೇರಿಯದೇ ಆದ ಗೂನು ಬೆನ್ನಿನ ಮಹಶೀರ್ ಕಾಣೆಯಾಗುತ್ತಿದೆ! 2018ರಲ್ಲಿ ಈ ಗೂನು ಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ಗುರುತಿಸಿ, ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು. ಆ ಲೆಕ್ಕದ ಹಿಂದೆ ಇದ್ದದ್ದು ನೀರಲ್ಲಿ ನಿಂತು ತಕ್ಕಡಿ ಹಿಡಿದ ಗಿಲ್ಲಿಯ ಕೈ. ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಈಗಿನ ಪರಿಸ್ಥಿತಿ

ಈ ಹೊಳೆ ದಡ ಕಾವೇರಿ ವನ್ಯಜೀವಿ ಅಭಯಾರಣ್ಯದೊಳಗಿದೆ. ಅಭಯಾರಣ್ಯ ಘೋಷಣೆಯಾದದ್ದು 1987ರಲ್ಲಿ. ಮೀನು ಹಿಡಿದು ಬಿಡುವ ಆಟವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಹೊಂದುವುದಿಲ್ಲವೆಂಬ ತಕರಾರು ಎದ್ದು, 2012ರ ಹೊತ್ತಿಗೆ ಆ ಶಿಬಿರಗಳಲ್ಲಿ ಗಾಳ ಸುತ್ತಿಟ್ಟಾಯಿತು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ನಡೆದಿದೆ. ಗಾಳಗಾರರಿದ್ದರೆ ತೋಟೆಯವರಿಗೆ ಹೆದರಿಕೆ ಇರುತ್ತಿತ್ತು ಎನ್ನುವವರು ಒಂದು ಕಡೆ. ಅಭಯಾರಣ್ಯ ಎಂದ ಮೇಲೆ ಮೀನಿಗೂ ಅಭಯ ಬೇಡವೇ ಎನ್ನುವವರು ಇನ್ನೊಂದು ಕಡೆ. ಎರಡು ಕಡೆಯಲ್ಲೂ ಹುರುಳಿದೆ. ಆದರೆ ಕಾನೂನು ಕಾನೂನೇ.

ಹಾಗಾಗಿ ಇವತ್ತು ಅಲ್ಲಿ ಗೈಡು ಅಂದರೆ ಹರಿಗೋಲು ಸುತ್ತಿಸುವವನು, ಹಕ್ಕಿ ತೋರಿಸುವವನು, ಕಾಡಿನ ದಾರಿ ನಡೆಸುವವನು. ಹೊಳೆ ಅದೇ, ಗೊತ್ತಿರುವ ವಿದ್ಯೆ ಅದೇ, ಗಾಳವೊಂದಿಲ್ಲ.

ಇಲ್ಲೇ ಇನಾಮು ಬಣ್ಣ ಬದಲಿಸುವುದು. ಪೇಟೆಯಿಂದ ಕಾರಿನಲ್ಲಿ ಬಂದವರು ದಡದ ಊರಿನ ಹುಡುಗನ ಹೆಗಲ ಮೇಲೆ ಕೈ ಹಾಕಿ, "ಒಂದೇ ಒಂದ್ ಗಾಳ ಹಾಕ್ಸು, ಯಾರ್ಗೂ ಗೊತ್ತಾಗಲ್ಲ, ನಿನ್ ಕೈ ಬಿಸಿ ಮಾಡ್ತೀನಿ" ಎಂದರೆ ಅದು ಇನಾಮಲ್ಲ ಸ್ವಾಮಿ, ಲಂಚ! ಸಿಕ್ಕಿಬಿದ್ದರೆ ಏನಾಗುತ್ತದೆ? ಕಾರಿನವರ ಪರವಾಗಿ ವಕೀಲರು ಬರುತ್ತಾರೆ, ಫೋನುಗಳು ಓಡಾಡುತ್ತವೆ. ಆ ಹುಡುಗನ ಪರವಾಗಿ ಯಾರು ಬರುತ್ತಾರೆ? ಕೇಸು ಅವನ ಮೇಲೆ. ಹರಿಗೋಲು ಜಫ್ತಿ. ಮತ್ತೆ ಆ ದಡದಲ್ಲಿ ಯಾರೂ ಅವನಿಗೆ ಕೆಲಸ ಕೊಡುವುದಿಲ್ಲ. ಒಂದು ಸಂಜೆಯ ಶೋಕಿಗೆ ಒಂದು ಮನೆಯ ಒಲೆ ಆರುತ್ತದೆ. ಹರಿಗೋಲಿನಲ್ಲಿ ಲೈಫ್ ಜಾಕೆಟ್ ಬೇಡ ಎನ್ನುವುದು, ನಾಲ್ಕು ಜನರ ಹರಿಗೋಲಿಗೆ ಎಂಟು ಜನ ಹತ್ತಿ "ಮೇಲೆ ಕೊಡ್ತೀವಿ ಬಾ" ಎನ್ನುವುದು, ಇದೂ ಅದೇ ಜಾತಿಯ ದುಡ್ಡು. ನಿಯಮ ಮುರಿಯಲು ಕೊಟ್ಟದ್ದಕ್ಕೆ ಇನಾಮು ಎಂಬ ಗೌರವದ ಹೆಸರು ಸಲ್ಲುವುದಿಲ್ಲ.

ಹಾಗಾದರೆ ಎಷ್ಟು, ಹೇಗೆ?

ಅಪ್ಪಣೆ ಇರುವ ಕಡೆ ಗಾಳ ಹಾಕಲು ಹೋಗುವವರೂ ಇದ್ದಾರೆ. ಉತ್ತರಾಖಂಡದ ರಾಮಗಂಗಾ, ನೇಪಾಳ ಗಡಿಯ ಮಹಾಕಾಳಿ, ಅಂಡಮಾನ್ ಕಡಲು ಎಂದು ಬೆಂಗಳೂರು, ಮೈಸೂರಿನವರು ಪೆಟ್ಟಿಗೆ ಕಟ್ಟುತ್ತಾರೆ. ಅಲ್ಲಿಗೆ ಹೋದವರಿಗೂ, ಇಲ್ಲಿ ಹರಿಗೋಲು ಹತ್ತುವವರಿಗೂ ಅನ್ವಯಿಸುವ ಕೆಲವು ಮಾತುಗಳಿವೆ.

ಮೊದಲನೆಯದು, ದರ ಮೊದಲೇ ಕೇಳಿ. ಗೈಡಿನ ಕೂಲಿ ಎಷ್ಟು, ದೋಣಿಗೆ ಎಷ್ಟು, ಊಟ ಯಾರದು, ಎಲ್ಲ ಹೊರಡುವ ಮೊದಲು ಮಾತಾಗಬೇಕು. ನೀರಿನ ನಡುವೆ ಚೌಕಾಸಿ ಬೇಡ. ಕೂಲಿಯಲ್ಲಿ 200 ರೂಪಾಯಿ ಕಿತ್ತುಕೊಂಡು ಆಮೇಲೆ 100 ರೂಪಾಯಿ ಇನಾಮು ಕೊಟ್ಟು ದೊಡ್ಡಸ್ತಿಕೆ ತೋರಿಸುವವರಿದ್ದಾರೆ. ಅವನ ದುಡ್ಡಿನಲ್ಲೇ ಅವನಿಗೆ ದಾನ! ಈ ಲೆಕ್ಕ ಪೇಟೆಯಲ್ಲಿ ನಡೆಯದು, ಹೊಳೆಯಲ್ಲೂ ನಡೆಯಬಾರದು.

ಎರಡನೆಯದು, ಎಷ್ಟು ಎಂಬ ಪ್ರಶ್ನೆ. ನಮ್ಮಲ್ಲಿ ಬರೆದಿಟ್ಟ ಕಟ್ಟಳೆ ಇಲ್ಲ. ಅಮೆರಿಕದ ಶೇಕಡಾವಾರು ಇಲ್ಲಿಗೆ ಹೊಂದಲೇಬೇಕೆಂದೂ ಇಲ್ಲ. ಕೂಲಿಯ ಹತ್ತರಲ್ಲಿ ಒಂದು ಪಾಲು ಎಂದಿಟ್ಟುಕೊಂಡರೆ ಯಾರಿಗೂ ಭಾರವಲ್ಲ. ದಿನಕ್ಕೆ 3,000 ರೂಪಾಯಿ ತೆತ್ತವರಿಗೆ 300 ರೂಪಾಯಿ ದೊಡ್ಡದೇ? ಕೆಲಸ ಚೆನ್ನಾಗಿದ್ದರೆ, ಮಕ್ಕಳು ಮುದುಕರನ್ನು ಜೋಪಾನವಾಗಿ ಇಳಿಸಿ ಹತ್ತಿಸಿದ್ದರೆ ಇನ್ನಷ್ಟು ಕೊಡಲಿ. ಕೆಲಸ ಕೆಟ್ಟಿದ್ದರೆ ಕೊಡದೆ ಇರುವ ಹಕ್ಕೂ ಉಂಟು. ಆದರೆ ಏಕೆ ಕೊಡಲಿಲ್ಲ ಎಂದು ಬಾಯಿ ಬಿಟ್ಟು ಹೇಳಿ ಬರುವುದು ನ್ಯಾಯ.

ಮೂರನೆಯದು, ಮೀನು ಸಿಗದ ದಿನವೇ ಕೈ ಬಿಗಿಹಿಡಿಯಬೇಡಿ. ಮೀನು ಕಚ್ಚದ ದಿನ ಗೈಡು ಇನ್ನೂ ಎರಡು ಮಡು ಹೆಚ್ಚಿಗೆ ಸುತ್ತಿರುತ್ತಾನೆ. ವೈದ್ಯರು, ವಕೀಲರು ಫಲ ನೋಡಿ ಫೀಸು ಇಳಿಸುತ್ತಾರೆಯೇ?

ನಾಲ್ಕನೆಯದು, ಹೊರಡುವಾಗ, ಕೆಲಸ ಮಾಡಿದವನ ಕೈಗೇ ಕೊಡಿ. ಗೈಡೊಬ್ಬನೇ ಅಲ್ಲ. ಹುಟ್ಟು ಹಾಕಿದವನು, ಅಡಿಗೆಯವನು, ಬುತ್ತಿ ಹೊತ್ತವನು ಎಲ್ಲರೂ ಇದ್ದಾರೆ. ಕೆಲವು ಕಡೆ ಎಲ್ಲರಿಗೂ ಸೇರಿ ಒಂದು ಪೆಟ್ಟಿಗೆ ಇಟ್ಟಿರುತ್ತಾರೆ. ಒಳ್ಳೆಯದೇ. ಆದರೆ ಅದನ್ನು ಯಾರು ತೆರೆಯುತ್ತಾರೆ, ಹೇಗೆ ಹಂಚುತ್ತಾರೆ ಎಂದು ಕೇಳುವುದರಲ್ಲಿ ನಾಚಿಕೆ ಇಲ್ಲ.

ಐದನೆಯದು, ನಗದು ಇರಲಿ. ಪೇಟೆಯಲ್ಲಿ ಸೊಪ್ಪಿನವಳೂ ಫೋನ್‌ಪೇ ಹಲಗೆ ಇಟ್ಟಿದ್ದಾಳೆ ನಿಜ. ಕಾಡಿನ ಹೊಳೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ "ಊರಿಗೋಗಿ ಹಾಕ್ತೀನಿ" ಎಂದ ದುಡ್ಡು ಊರು ಮುಟ್ಟುವಷ್ಟರಲ್ಲಿ ಮರೆತುಹೋಗುತ್ತದೆ. 500ರ ಒಂದೇ ನೋಟು ತೋರಿಸಿ "ಚಿಲ್ಲರೆ ಇದ್ಯಾ?" ಎನ್ನುವುದೂ ಕೊಡದಿರುವ ಇನ್ನೊಂದು ಉಪಾಯವೇ. ಅಂಗಡಿಯವರಿಗೆ ಈ ಉಪಾಯ ಹೊಸದಲ್ಲ!

ಆರನೆಯದು, ದುಡ್ಡಿನ ಬದಲು ಬಾಟಲಿ ಬೇಡ. ನೀರಿನ ಮೇಲೆ ದುಡಿಯುವವನಿಗೆ ಹೆಂಡ ಕೊಡುವುದು ಉಪಕಾರವಲ್ಲ, ಅಪಾಯ. ಒಳ್ಳೆಯ ಟಾರ್ಚು, ಮಳೆ ಕೋಟು, ಮಕ್ಕಳಿಗೆ ಪುಸ್ತಕ ಕೊಡುವುದಾದರೆ ಸಂತೋಷ. ಆದರೆ ಅದು ದುಡ್ಡಿನ ಜೊತೆಗೆ, ದುಡ್ಡಿನ ಬದಲಿಗಲ್ಲ.

ಕೊನೆಯದು, ಕೊಡುವ ರೀತಿ. ಏಕವಚನದಲ್ಲಿ ಕರೆದು, ನೋಟು ಎಸೆದು, ಕೊಡುವುದನ್ನು ಫೋಟೋ ಹಿಡಿಸುವುದಕ್ಕಿಂತ ಕೊಡದಿರುವುದೇ ವಾಸಿ. ಹರಿಗೋಲಿನವರು ಅನೇಕರು ನಡುವಯಸ್ಸು ದಾಟಿದವರು. "ಅಣ್ಣಾ, ಚೆನ್ನಾಗ್ ನೋಡ್ಕೊಂಡ್ರಿ, ಇದನ್ನಿಟ್ಕೊಳಿ" ಎಂದರೆ ನಾಲಿಗೆ ಸವೆಯುವುದಿಲ್ಲ.

ಇನಾಮು ಸಂಬಳವಲ್ಲ

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ, ಅದೇ ಮುಖ್ಯವಾದದ್ದು. ಇನಾಮು ಬರುತ್ತದಲ್ಲ ಎಂದು ಸಂಬಳ ಕಡಿಮೆ ಮಾಡುವ ಧಣಿಗಳು ಎಲ್ಲ ಕಸುಬಿನಲ್ಲೂ ಇದ್ದಾರೆ. ಹೋಟೆಲು, ಲಾಡ್ಜು, ದೋಣಿ, ಯಾವುದೂ ಹೊರತಲ್ಲ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟು ಹೊಳೆ ಕೆಂಪಾಗಿ ಉಬ್ಬಿದರೆ ಹರಿಗೋಲು ದಡ ಸೇರುತ್ತದೆ. ಆ ತಿಂಗಳುಗಳಲ್ಲಿ ಇನಾಮು ಕೊಡುವವರು ಯಾರು? ಅಕ್ಕಿ ಅಂಗಡಿಯವರು ಸಾಲ ಕೊಡುತ್ತಾರೆ ಅಷ್ಟೆ.

ಗ್ರಾಹಕರಿಗೂ ರಕ್ಷಣೆ ಬೇಕು. ಹೋಟೆಲುಗಳು ಬಿಲ್ಲಿನಲ್ಲಿ ತಾವಾಗಿ ಸರ್ವಿಸ್ ಚಾರ್ಜು ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದರೆ ಇನಾಮು ಕೊಡುವವನ ಇಷ್ಟ, ಕಿತ್ತುಕೊಳ್ಳುವಂತಿಲ್ಲ. ಆದರೆ ಕೊಟ್ಟದ್ದು ದುಡಿದವನಿಗೇ ಸೇರಬೇಕೆಂಬ ಕಟ್ಟಳೆ? 'ಗಿಲ್ಲಿ' ಎಂಬ ಮಾತು ಕೊಟ್ಟ ಬ್ರಿಟನ್ನಿನಲ್ಲಿ 2023ರಲ್ಲಿ ಒಂದು ಕಾಯ್ದೆ ಮಾಡಿ, 2024ರ ಅಕ್ಟೋಬರಿನಿಂದ ಜಾರಿಗೆ ತಂದರು. ಗಿರಾಕಿ ಕೊಟ್ಟ ಟಿಪ್ಸನ್ನು ಧಣಿ ತನ್ನಲ್ಲಿಟ್ಟುಕೊಳ್ಳದೆ ಕೆಲಸಗಾರರಿಗೇ ನ್ಯಾಯವಾಗಿ ಹಂಚಬೇಕು. ಮಾತು ಅಲ್ಲಿಂದ ಬಂತು. ನ್ಯಾಯವೂ ಬಂದರೆ ಬೇಡವೆನ್ನುವವರು ಯಾರು?

ದೊಡ್ಡ ಕಾಯ್ದೆಗೆ ಕಾಯುತ್ತಾ ಕೂರಬೇಕಾಗಿಲ್ಲ. ಹರಿಗೋಲು ಓಡುವ ಪ್ರತಿ ಕಡವಿನಲ್ಲೂ ಒಂದು ಬೋರ್ಡು ಸಾಕು. ದರ ಎಷ್ಟು, ಅದರಲ್ಲಿ ಹರಿಗೋಲಿನವನ ಪಾಲು ಎಷ್ಟು, ಎಷ್ಟು ಜನ ಹತ್ತಬಹುದು, ಲೈಫ್ ಜಾಕೆಟ್ ಕಡ್ಡಾಯ, ಗಾಳ ಹಾಕುವುದು ಅಪರಾಧ, ಇನಾಮು ನಿಮ್ಮ ಇಷ್ಟ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ ನಿಲ್ಲಿಸಲಿ. ಹಳೆಯ ಗಿಲ್ಲಿಗಳ ಮಕ್ಕಳಿಗೆ ಗುರುತಿನ ಚೀಟಿ, ವಿಮೆ ಕೊಡಿಸಲಿ. ಹೊಳೆ ಕಾಯುವ ಕಾವಲುಗಾರರ ಕೆಲಸಕ್ಕೆ ಜನ ಬೇಕಾದಾಗ ಮೊದಲು ಅವರ ಮನೆ ಬಾಗಿಲು ತಟ್ಟಲಿ. ತೋಟೆಯವನು ಯಾವ ಬಂಡೆ ಹಿಂದೆ ಅಡಗುತ್ತಾನೆಂದು ಅವರಷ್ಟು ಬಲ್ಲವರು ಕಚೇರಿಯ ಕುರ್ಚಿಯಲ್ಲಿಲ್ಲ.

ಗೂನು ಬೆನ್ನಿನ ಆ ಮೀನು ಉಳಿದರೆ ದಡದ ಜನರಿಂದಲೇ ಉಳಿಯಬೇಕು. ಆ ಜನ ಹೊಳೆಯ ಕಡೆಗೆ ನಿಲ್ಲುವುದು ಹೊಳೆ ಅವರಿಗೆ ಮರ್ಯಾದೆಯ ಅನ್ನ ಕೊಟ್ಟಾಗ. ಅದರಲ್ಲಿ ಪ್ರವಾಸಿಗಳ ಪಾಲು ಸಣ್ಣದು, ಸರಕಾರದ ಪಾಲು ದೊಡ್ಡದು. ಪ್ರವಾಸಿಗಳು ತಮ್ಮ ಪಾಲನ್ನು ಮುಂದಿನ ಭಾನುವಾರವೇ ಕೊಡಬಹುದು. ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಯವರು ತಮ್ಮ ಪಾಲನ್ನು ಯಾವಾಗ ಕೊಡುತ್ತಾರೆ ಎಂಬುದು ದಡದವರ ಪ್ರಶ್ನೆ. ಸಂಬಂಧಪಟ್ಟವರು ಉತ್ತರಿಸುವರೇ?